ಯುಗಾದಿ ಶುಭಾಶಯ ಮತ್ತು ಸೋರುವ ಫಿಲ್ಟರು

ಮೈಸೂರಿನಲ್ಲಿ ನೀರಿನ ಫಿಲ್ಟರ್ ಸರ್ವಿಸ್ ಮಾಡುತ್ತೇನೆ. ಶುರುವಿನಲ್ಲಿ ನನಗೆ ಮಾರ್ಕೆಟಿಂಗ್ ಅಂದ್ರೆ ಪೇಪರ್ ಒಳಗೆ ಪಾಂಪ್ಲೆಟ್ ಹಾಕಿಸೋದು, ಹಬ್ಬ ಬಂದರೆ ಅಂಗಡಿ ಹೆಸರಿರೋ ಶುಭಾಶಯದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸೋದು, ಅಷ್ಟೇ.

ಒಂದು ಯುಗಾದಿಗೆ ಹಾಗೇ ಕಳಿಸಿದೆ. ಕುವೆಂಪುನಗರದ ಒಬ್ಬ ಅಮ್ಮ ಉತ್ತರ ಕೊಟ್ಟರು: "ಬೇವು ಬೆಲ್ಲ ಇರಲಿ ಕಣಪ್ಪಾ, ಫಿಲ್ಟರ್ ಕೆಳಗೆ ಪಾತ್ರೆ ಇಟ್ಟು ಮೂರು ದಿನ ಆಯ್ತು. ಬರ್ತೀನಿ ಅಂದ ನಿನ್ನ ಹುಡುಗ ಬರಲೇ ಇಲ್ಲ." ಜೊತೆಗೊಂದು ಫೋಟೊ. ಅರ್ಧ ತುಂಬಿದ ಇಡ್ಲಿ ಪಾತ್ರೆ.

ಬೈಕ್ ಹತ್ತಿ ನಾನೇ ಹೋದೆ. ಪೈಪಿನ ಒಂದು ಎಲ್ಬೋ ಸಡಿಲ ಆಗಿತ್ತು, ಐದು ನಿಮಿಷದ ಕೆಲಸ. ಹೊರಡೋ ಹೊತ್ತಿಗೆ ಅವರು, "ಮೆಂಬ್ರೇನ್ ಬದಲಾಯಿಸಬೇಕಂತಲ್ಲ, ಹುಡುಗ ಹೇಳಿದ್ದ" ಅಂದರು. ಅವರದು ಆರ್‌ಒ ಫಿಲ್ಟರ್, ಮೆಂಬ್ರೇನ್ ಅಂದ್ರೆ ಅದರೊಳಗೆ ನೀರಿನ ಲವಣ ಸೋಸೋ ಪೊರೆ. ನೀರಲ್ಲಿ ಕರಗಿರೋ ಲವಣ ಎಷ್ಟು ಅಂತ ತೋರಿಸೋ ಟಿಡಿಎಸ್ ಮೀಟರನ್ನು ನಲ್ಲಿ ನೀರಿಗೆ ಹಾಕಿದೆ. ಲೀಟರಿಗೆ 180 ಮಿಲಿಗ್ರಾಂ. ಕುಡಿಯೋ ನೀರಿಗೆ ಬಿಐಎಸ್ (ಗುಣಮಟ್ಟ ನಿಗದಿ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ) ಹೇಳೋ ಮಿತಿ 500. ಆ ಮನೆಗೆ ಬರೋದು ನದಿ ನೀರು, ಅದಕ್ಕೆ ಆರ್‌ಒ ಬೇಕಾಗಿಲ್ಲ, ಬೆಳಕಿನ ಕಿರಣದಿಂದ ರೋಗಾಣು ಕೊಲ್ಲೋ ಯುವಿ ಫಿಲ್ಟರ್ ಸಾಕು. ಸುಮ್ನೆ ಒಂದು ಬಿಂದಿಗೆ ನೀರಿಗೆ ಎರಡು ಮೂರು ಬಿಂದಿಗೆ ಮೋರಿಗೆ ಹೋಗುತ್ತಿತ್ತು. ಮೆಂಬ್ರೇನ್ ಮಾರಿದರೇ ನಮಗೆ ಜಾಸ್ತಿ ಉಳಿಯೋದು, ಹಾಗಾಗಿ ಹೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಮೀಟರನ್ನೇ ಒರೆಸುತ್ತಾ ನಿಂತೆ. ಆಮೇಲೆ ಹೇಳಿಬಿಟ್ಟೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ಹಾಗಾದ್ರೆ ನಾಲ್ಕು ವರ್ಷದ ಹಿಂದೆ ಇದನ್ನ ಯಾಕಪ್ಪಾ ಮಾರಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನೀರು ನೋಡೇ ಇರಲಿಲ್ಲ, ಕೇಳಿದರು, ಕೊಟ್ಟೆ.

ಅಂಗಡಿಗೆ ಬಂದು ಹಳೇ ಬಿಲ್ ಪುಸ್ತಕ ತೆಗೆದೆ. ಒಂದು ವರ್ಷದಿಂದ ಫೋನೇ ಮಾಡದ ಮನೆಗಳು ಎಷ್ಟೊಂದು! ಯಾರೂ ಜಗಳ ಮಾಡಿರಲಿಲ್ಲ, ಸುಮ್ಮನೆ ಬೇರೆಯವರನ್ನು ಕರೆದಿದ್ದರು. ಜಗಳ ಮಾಡೋ ಗಿರಾಕಿ ಇನ್ನೂ ನಮ್ಮವರೇ, ಅಲ್ವಾ?

ಬಿಡಿಭಾಗ ಮಾರಿದ್ದಕ್ಕೆ ಹುಡುಗರಿಗೆ ಕೊಡುತ್ತಿದ್ದ ಕಮಿಷನ್ ನಿಲ್ಲಿಸಿ ಸಂಬಳ ಜಾಸ್ತಿ ಮಾಡಿದೆ. ಒಬ್ಬ ಬಿಟ್ಟು ಹೋದ. ಈಗ ಪ್ರತಿ ಫಿಲ್ಟರಿನ ಮುಚ್ಚಳದ ಒಳಗೆ ತಾರೀಖು, ಟಿಡಿಎಸ್ ಎರಡನ್ನೂ ಮಾರ್ಕರಿನಲ್ಲಿ ಬರೆಯುತ್ತೇವೆ. ಬೋರ್‌ವೆಲ್ ಮನೆಗಳದ್ದು ಬೇರೆ ಪಟ್ಟಿ, ಅಲ್ಲಿ ಗಡಸು ನೀರಿಗೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಪಾಂಪ್ಲೆಟ್ ಬಿಟ್ಟಿದ್ದೇನೆ. ಹಬ್ಬದ ಮೆಸೇಜ್ ಇನ್ನೂ ಕಳಿಸುತ್ತೇನೆ, ಆದರೆ ಅವತ್ತು ಬಾಕಿ ಇರೋ ಕಂಪ್ಲೇಂಟುಗಳನ್ನು ನೋಡಿಕೊಂಡು.

ಆ ಅಮ್ಮ ಈಗಲೂ ನಮ್ಮನ್ನೇ ಕರೆಯುತ್ತಾರೆ. ಆದರೆ ಹೋದ ಕೂಡಲೇ ಮೊದಲು ಮೀಟರ್ ಹಾಕಿಸಿ, ಕನ್ನಡಕ ಏರಿಸಿಕೊಂಡು ನಂಬರ್ ತಾವೇ ಓದುತ್ತಾರೆ.