ತಾರಿ, ಪಾತಿ ಮತ್ತು ಭರತದ ಹೊತ್ತು

ಅಘನಾಶಿನಿ ಊರಿನ ದಡದಲ್ಲಿ ನಿಂತರೆ ಅದೇ ಹೆಸರಿನ ಹೊಳೆಯ ಆಚೆ ತದಡಿಯ ದೋಣಿಗಳ ಬಣ್ಣ ಕೂಡ ಬರಿಗಣ್ಣಿಗೆ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕೆಂದರೆ ಕುಮಟೆಗೆ ಹಿಂತಿರುಗಿ, ಹೆದ್ದಾರಿ ಹಿಡಿದು, ಮಿರ್ಜಾನ ದಾಟಿ, ಮಾದನಗೇರಿಯಲ್ಲಿ ಎಡಕ್ಕೆ ಹೊರಳಬೇಕು. ತದಡಿಯ ಕಡೆಯ ಗೋಕರ್ಣಕ್ಕೆ ಹೋಗುವ ಮಾತು ಬಂದರೆ ನಮ್ಮ ಅಜ್ಜಿ ಕೇಳುತ್ತಿದ್ದದ್ದು ಬಸ್ಸಿನ ಹೊತ್ತನ್ನಲ್ಲ, ಭರತ, ಅಂದರೆ ಉಬ್ಬರ, ಯಾವಾಗ, ಇಳಿತ ಯಾವಾಗ ಎಂಬುದನ್ನು. ಉಬ್ಬರವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುವುದರಿಂದ, ಗಡಿಯಾರಕ್ಕಿಂತ ತಿಥಿಯೇ ಆಕೆಗೆ ಹೆಚ್ಚು ನಂಬಿಕೆಯದಾಗಿತ್ತು.

ಹೊಳೆ ದಾಟಿಸುವ ಆಗಿನ ತಾರಿಯೆಂದರೆ ಪಾತಿದೋಣಿ. ಮಾವು ಅಥವಾ ಹೆಬ್ಬಲಸಿನ ಒಂದೇ ದಿಮ್ಮಿಯನ್ನು ಬಾಚಿಯಿಂದ ಕೆತ್ತಿ ಪೊಳ್ಳು ಮಾಡಿ, ಅಂಚು ತಗ್ಗೆನಿಸಿದರೆ ಮೇಲೊಂದು ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಹುಳ ಹಿಡಿಯದಂತೆ ಗೇರುಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಬಳಿಯುತ್ತಿದ್ದರು. ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ, ನಾರು ನೆನೆದಷ್ಟೂ ಬಿಗಿಯುತ್ತದೆ. ಸಮುದ್ರಕ್ಕೆ ಇಳಿಯುವ ದೋಣಿಯಾದರೆ ಮಗುಚದಿರಲೆಂದು ಎರಡು ಅಡ್ಡಗಳಗಳ ತುದಿಗೆ ತೇಲುವ ಮರವೊಂದನ್ನು ಪಕ್ಕಕ್ಕೆ ಕಟ್ಟುತ್ತಿದ್ದರು. ಹೊಳೆಯ ದೋಣಿಗೆ ಅದೂ ಇಲ್ಲ. ಕುಳಿತವರ ಶಿಸ್ತೇ ಅದರ ಸಮತೋಲ.

ನಾನು ಮೊದಲ ಸಲ ಹತ್ತಿದಾಗ ನೀರಿಗೂ ದೋಣಿಯ ಅಂಚಿಗೂ ನಾಲ್ಕು ಬೆರಳಿನ ಅಂತರವೂ ಇರಲಿಲ್ಲ. "ತಮ್ಮಾ, ನಡೂಗೆ ಕೂತ್ಕೋ, ಅಲ್ಲಾಡ್ಬೇಡ" ಎಂದ ಅಂಬಿಗರು, ಆಳವಿಲ್ಲದಲ್ಲಿ ಗಳ ಊರುತ್ತ, ನಡುಹೊಳೆಯಲ್ಲಿ ಹುಟ್ಟು ಹಾಕುತ್ತ, ನಡುನಡುವೆ ತಳದಲ್ಲಿ ನಿಂತ ನೀರನ್ನು ಅಡಿಕೆ ಹಾಳೆಯಿಂದ ಮೊಗೆದು ಚೆಲ್ಲುತ್ತಿದ್ದರು. ಎದುರು ದಡದ ಮೆಟ್ಟಿಲಿಗೆ ನೇರವಾಗಿ ಹೋಗದೆ, ಹೊಳೆಯ ಸೆಳೆತವನ್ನು ಲೆಕ್ಕ ಹಾಕಿ ಬಹಳ ಮೇಲಕ್ಕೆ ಮೂತಿ ಹಿಡಿದದ್ದು ನನಗೆ ದಾರಿ ತಪ್ಪಿದಂತೆ ಕಂಡಿತ್ತು.

ಹೊಳೆ ದಾಟುವುದು ಸಣ್ಣ ಪ್ರಯಾಣ. ಹೊಳೆಯುದ್ದಕ್ಕೂ ಹೋಗುವುದೇ ಹಿಂದಿನವರ ದೊಡ್ಡ ಪ್ರಯಾಣ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗಿದ್ದ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯಲ್ಲೇ ಸಾಗಿ, ಅಲ್ಲಿಂದ ಘಟ್ಟ ಹತ್ತಿದ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಎಲ್ಲರಿಗೂ ಗೊತ್ತು. ಆ ಮೆಣಸಿಗೆ ಘಟ್ಟದ ಬುಡದಿಂದ ಬಂದರಿಗೆ ಹೊಳೆಗಿಂತ ಸುಲಭದ ದಾರಿಯಿರಲಿಲ್ಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಇಂದು ನಾವು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ಹೆದ್ದಾರಿಗೆ ಅಡ್ಡ ಬರುವ ನಾಲ್ಕು ನೀರುಗಳೆಂದು ಎಣಿಸುತ್ತೇವೆ, ಸೇತುವೆಯ ಮೇಲೆ ಒಂದೆರಡು ನಿಮಿಷದಲ್ಲಿ ದಾಟಿ ಮರೆಯುತ್ತೇವೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಅದರ ಚಾಲಕನನ್ನು ಬದುಕಿಸಲು ಮೀನುಗಾರರೇ ನೆರವಾಗಬೇಕಾಯಿತು.

ತದಡಿಯ ತಾರಿ ಈಗ ಎಂಜಿನ್ ದೋಣಿಯಾಗಿದೆ, ಬೈಕುಗಳೂ ಹತ್ತುತ್ತವೆ. ಪಾತಿ ಉಳಿದಿರುವುದು ಹೆಚ್ಚಾಗಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರ ಬಳಿ, ಅದೂ ಬಹುತೇಕ ಫೈಬರಿನದು. ಇಳಿತ ಶುರುವಾಗುತ್ತಲೇ ಅವರು ಹೊಳೆಯ ನಡುವಿನ ಮರಳದಿಬ್ಬಗಳತ್ತ ಹೊರಡುತ್ತಾರೆ. ಭರತ ಏರುವಷ್ಟರಲ್ಲಿ ಬಳಚಿನ ಭಾರಕ್ಕೆ ಅಂಚು ಮತ್ತೆ ನೀರಿಗೆ ನಾಲ್ಕು ಬೆರಳು ಹತ್ತಿರ ಬಂದಿರುತ್ತದೆ, ಮತ್ತು ಆ ನೀರೇ ಅವರನ್ನು ಮನೆಯ ಕಡೆಗೆ ತಳ್ಳುತ್ತದೆ.