ತೆಪ್ಪಕಾಡಿನ ಆನೆ ಶಿಬಿರಕ್ಕೆ ಹೋಗುವ ಮುನ್ನ

ತಾಳವಾಡಿ, ಹಾಸನೂರು ಕಡೆಯವರಿಗೆ ಆನೆ ನೋಡಲು ಟಿಕೆಟ್ ಬೇಕಿಲ್ಲ, ಕಬ್ಬಿನ ಲಾರಿಗೆ ಕಾದು ರಸ್ತೆಯಲ್ಲೇ ನಿಂತಿರುತ್ತವೆ. ಆದರೆ ಊರಿಗೆ ಬಂದ ನೆಂಟರು ‘ಹತ್ತಿರದಿಂದ ತೋರಿಸಿ’ ಅಂದರೆ, ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಜಿಲ್ಲೆಯ ಮೋಯಾರ್ ಹೊಳೆ ದಂಡೆಯ ತೆಪ್ಪಕಾಡಿಗೆ ಕರೆದೊಯ್ಯಿರಿ. ಸವಾರಿ, ಸ್ನಾನ, ಸೊಂಡಿಲಿನ ಆಶೀರ್ವಾದಕ್ಕೆ ದರಪಟ್ಟಿ ಹಾಕಿದ ಜಾಗ ಬೇಡ, ಬೋರ್ಡಿನಲ್ಲಿ ‘ಅಭಯಧಾಮ’ ಎಂದಿದ್ದರೂ. ದಿನಾ ನೂರಾರು ಅಪರಿಚಿತ ಕೈಗಳನ್ನು ಆನೆ ಸಹಿಸಿಕೊಳ್ಳುವುದು ಪ್ರೀತಿಯಿಂದಲ್ಲ, ಅಂಕುಶದ ಭಯದಿಂದ. ಅಲ್ಲದೆ ಮನುಷ್ಯರ ಕ್ಷಯ ಆನೆಗೂ ಅಂಟುತ್ತದೆ.

ತೆಪ್ಪಕಾಡಿನಲ್ಲಿ ನೋಡಬೇಕಾದದ್ದು ಮೇವು ಹಾಕುವ ಹೊತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೊರಡುವ ಮುನ್ನ ಸಮಯ ವಿಚಾರಿಸಿಕೊಳ್ಳಿ. ರಾಗಿ, ಹುರುಳಿ, ಅನ್ನಕ್ಕೆ ಬೆಲ್ಲ, ಉಪ್ಪು ಸೇರಿಸಿ ಕಟ್ಟಿದ ಮುದ್ದೆಯನ್ನು ಮಾವುತರೇ ಬಾಯಿಗಿಡುತ್ತಾರೆ. ನೀವು ಬಾಳೆಹಣ್ಣು ಒಯ್ಯಬೇಡಿ. ಒಂದೊಂದು ಆನೆಯ ಪಡಿತರವೂ ಬೇರೆ, ವಯಸ್ಸು, ತೂಕ ನೋಡಿ ವೈದ್ಯರು ಹೇಳಿದಂತೆ.

ಸರಪಳಿ ಕಂಡ ಕೂಡಲೇ ‘ಹಿಂಸೆ’ ಅಂತ ಫೋಟೊ ಹಾಕುವವರಿದ್ದಾರೆ, ಸ್ವಲ್ಪ ತಾಳಿ. ಶಿಬಿರದ ಆನೆಗಳನ್ನು ಕಾಡಿಗೆ ಮೇಯಲು ಬಿಡುವಾಗ ಉದ್ದ ಸರಪಳಿ ಎಳೆದುಕೊಂಡೇ ಹೋಗುತ್ತವೆ. ನೆಲದ ಮೇಲಿನ ಆ ಗೀರಿನ ಜಾಡು ಹಿಡಿದು ಮಾವುತನ ಸಹಾಯಕ ಕಾವಾಡಿ ಬೆಳಿಗ್ಗೆ ಹುಡುಕುತ್ತಾನೆ. ಮದವೇರಿದ ಗಂಡಾನೆಯನ್ನು ದೂರ ಕಟ್ಟುವುದೂ ಸರಿಯೇ. ಕಣ್ಣಿಗೂ ಕಿವಿಗೂ ನಡುವೆ ಕಪ್ಪಗೆ ಒಸರುತ್ತಿದ್ದರೆ ಮದ ಬಂದಿದೆ ಅಂತ ತಿಳಿಯಿರಿ. ಕಣ್ಣಿನಿಂದಲೇ ನೀರಿಳಿದರೆ ಅಳುವಲ್ಲ, ಆನೆಗೆ ಕಣ್ಣೀರು ಮೂಗಿಗೆ ಹರಿಯುವ ನಾಳವಿಲ್ಲ. ಕಿವಿ, ಸೊಂಡಿಲಿನ ಗುಲಾಬಿ ಮಚ್ಚೆಯೂ ರೋಗವಲ್ಲ.

ತಪ್ಪು ಇರುವುದು ಗಿಡ್ಡ ಸರಪಳಿಯಲ್ಲಿ, ಕಾಂಕ್ರೀಟ್ ನೆಲದಲ್ಲಿ. ಅಲ್ಲಿ ದಿನವಿಡೀ ನಿಂತ ಆನೆಯ ಉಗುರು ಸೀಳುತ್ತದೆ, ಅಂಗಾಲು ಕೊಳೆಯುತ್ತದೆ, ತಲೆಯನ್ನು ಒಂದೇ ಲಯದಲ್ಲಿ ಅತ್ತಿತ್ತ ತೂಗತೊಡಗುತ್ತದೆ. ಅದನ್ನೇ ‘ಡಾನ್ಸ್’ ಅಂತ ರೀಲ್ಸ್ ಮಾಡುವವರೂ ಇದ್ದಾರೆ, ಕರ್ಮ! ಕಿವಿಯ ಹಿಂಭಾಗ ಗಮನಿಸಿ, ಅಂಕುಶದ ಗಾಯ ಸಾಮಾನ್ಯವಾಗಿ ಅಲ್ಲಿರುತ್ತದೆ. ಬೆನ್ನುಮೂಳೆಯ ಮೇಲೆ ಚರ್ಮ ಸುಲಿದಿದ್ದರೆ ಸವಾರಿ ನಡೆದಿರಬಹುದು.

ಮರಿಯಾನೆ ಕಂಡರೆ ಕೂಗಿ ಕರೆಯಬೇಡಿ. ತಾಯಿಯಿಂದ ಬೇರಾದ ಮರಿಗಳನ್ನು ಹೊಸೂರು, ಸತ್ಯಮಂಗಲದ ಕಾಡುಗಳಿಂದಲೂ ಇಲ್ಲಿಗೆ ತಂದು ಬೆಳೆಸಿದ್ದಾರೆ.

ರಾಜ್ಯದ ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಕಿತ್ತುಕೊಳ್ಳುತ್ತಾರೆ, ಸ್ಟೀಲಿನದು ಇಟ್ಟುಕೊಳ್ಳಿ. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ, ಮನೆಯಲ್ಲೇ ಮಾಡಿಸಿಕೊಂಡರೆ ಲೇಸು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಸಂಜೆಯ ಮೇವು ನೋಡಿ ಊಟಿ ಕಡೆ ತಿರುಗಾಡಲು ಹೋದರೆ ಗೇಟಿನಲ್ಲೇ ಬೆಳಗಾಗುತ್ತದೆ.