ಚುಕ್ಕಿಗಳಿಂದ ಆರಂಭವಾದ ಪಾಠ

ಮಡಿಕೇರಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಆಗ ಕನ್ನಡಿಯಿಂದ ಬೆಳಕು ಪಡೆಯುವ ಸೂಕ್ಷ್ಮದರ್ಶಕಗಳೇ ಇದ್ದುದರಿಂದ, ಮಂಜು ಕವಿದ ಜುಲೈ ತಿಂಗಳಲ್ಲಿ ಕಿಟಕಿ ಪಕ್ಕದ ಮೇಜಿಗೆ ಪೈಪೋಟಿಯೇ ನಡೆಯುತ್ತಿತ್ತು. ಮೆದುಳುಬಳ್ಳಿಯ ಅಂಗಾಂಶವನ್ನು ಗಾಜಿನ ಮೇಲೆ ಸವರಿ, ಮಿಥಿಲೀನ್ ನೀಲಿ ಹಾಕಿ ನೋಡಿದರೆ ಕಣ್ಣು ಮೊದಲು ಹೋಗುತ್ತಿದ್ದುದು ದೊಡ್ಡ ನರಕೋಶದ ಕಡೆಗೆ. ನಮ್ಮ ಪ್ರಾಧ್ಯಾಪಕರು ಮಾತ್ರ ಅದರ ಸುತ್ತ ಚೆದುರಿದ್ದ ಸಣ್ಣ ಚುಕ್ಕಿಗಳನ್ನು, ಅಂದರೆ ಗ್ಲಿಯಾ ಕೋಶಗಳ ಕೋಶಕೇಂದ್ರಗಳನ್ನು, ಮೊದಲು ಬರೆಸುತ್ತಿದ್ದರು.

ಪಠ್ಯಪುಸ್ತಕ ಇವುಗಳನ್ನು 'ಆಸರೆ ನೀಡುವ ಕೋಶಗಳು' ಎಂದು ಒಂದೇ ಸಾಲಿನಲ್ಲಿ ಮುಗಿಸಿತ್ತು. ಅವರಿಗೆ ಅದು ಸಾಲದು. ಗ್ಲುಟಮೇಟ್ ಒಂದನ್ನೇ ಹಿಡಿದು ಇಡೀ ತರಗತಿ ಪಾಠ ಮಾಡಿದ್ದರು. ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ದಾಟಿಸಲು ಸುರಿಸುವ ಗ್ಲುಟಮೇಟ್ ಅಲ್ಲಿಯೇ ಉಳಿದರೆ, ಎದುರಿನ ಕೋಶ ಬಿಡುವಿಲ್ಲದೆ ಉದ್ರೇಕಗೊಂಡು ಕೊನೆಗೆ ಸಾಯಲೂಬಹುದು. ಪಕ್ಕದ ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶ ಅದನ್ನು ಒಳಗೆಳೆದುಕೊಂಡು ಗ್ಲುಟಮಿನ್ ಆಗಿ ಬದಲಿಸಿ ನರಕೋಶಕ್ಕೆ ಮರಳಿಸುತ್ತದೆ, ನರಕೋಶ ಅದರಿಂದ ಮತ್ತೆ ಗ್ಲುಟಮೇಟ್ ತಯಾರಿಸಿಕೊಳ್ಳುತ್ತದೆ. ಹೊರಗೆ ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೀರಿಕೊಳ್ಳುವುದೂ ಆಸ್ಟ್ರೋಸೈಟ್‌ನ ಕೆಲಸವೇ. ಇಷ್ಟೆಲ್ಲ ಮಾಡುವ ಕೋಶವನ್ನು ಬರೀ ಆಸರೆ ಎನ್ನುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಮಾತು.

ಆಕ್ಸಾನ್‌ಗಳಿಗೆ (ನರಕೋಶದ ಉದ್ದನೆಯ ಎಳೆಗಳಿಗೆ) ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿ ಸಂದೇಶದ ವೇಗ ಹೆಚ್ಚಿಸುವ ಇನ್ನೊಂದು ಬಗೆಯ ಗ್ಲಿಯಾಗಳಾದ ಆಲಿಗೋಡೆಂಡ್ರೋಸೈಟ್‌ಗಳನ್ನು ಅವರು ಬೇಗ ಮುಗಿಸಿದರು. ಅದು ಪುಸ್ತಕದಲ್ಲಿಯೇ ಚೆನ್ನಾಗಿತ್ತು. ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೆಗಾ 1919ರಲ್ಲಿ ಪ್ರತ್ಯೇಕ ಬಗೆಯೆಂದು ಗುರುತಿಸಿದ ಮೈಕ್ರೋಗ್ಲಿಯಾಕ್ಕೆ ಸಿಕ್ಕಿದ್ದು ಸೋಂಕಿನ ವಿರುದ್ಧ ಹೋರಾಡುವ ಪಾತ್ರ ಮಾತ್ರ. ಬೆಳೆಯುವ ಮೆದುಳಿನಲ್ಲಿ ನರಕೋಶಗಳ ನಡುವಿನ ಬೇಡದ ಕೂಡುತಾಣಗಳಾದ ಸಿನಾಪ್ಸ್‌ಗಳನ್ನು ಅವು ನುಂಗಿ ತೆಗೆಯುತ್ತವೆಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಕೊಯ್ಲು ಮುಗಿದ ಕಾಫಿ ತೋಟದಲ್ಲಿ ಬೇಡದ ರೆಂಬೆ ಕತ್ತರಿಸುವ ಕಪಾತು ನೋಡುತ್ತ ಬೆಳೆದ ನಮ್ಮಂಥವರಿಗೆ ಅದನ್ನು ವಿವರಿಸಬೇಕಾಗಿಯೇ ಇರಲಿಲ್ಲ.

ನರಕೋಶಗಳಿಗಿಂತ ಗ್ಲಿಯಾ ಕೋಶಗಳು ಹತ್ತು ಪಟ್ಟು ಹೆಚ್ಚು ಎಂದು ಆಗ ಎಲ್ಲರೂ ಕಲಿತಿದ್ದೆವು. 2009ರಲ್ಲಿ ಬ್ರೆಜಿಲಿನ ಸಂಶೋಧಕರು ಪ್ರಕಟಿಸಿದ ಎಣಿಕೆಯಲ್ಲಿ ಮಾನವ ಮೆದುಳಿನ ನರಕೋಶಗಳು ಸುಮಾರು 8,600 ಕೋಟಿ, ಇತರ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿಯಿತು. ನಿವೃತ್ತರಾಗಿದ್ದ ಗುರುಗಳಿಗೆ ಇದನ್ನು ಹೇಳಿದಾಗ ಅವರು, "ಅನುಮಸ್ತಿಷ್ಕದಲ್ಲಿ ಎಷ್ಟಂತೆ?" ಎಂದು ಕೇಳಿದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು: 6,900 ಕೋಟಿ ನರಕೋಶಗಳು ಮೆದುಳಿನ ಹಿಂಬದಿಯ ಆ ಪುಟ್ಟ ಭಾಗದಲ್ಲಿಯೇ ಕಿಕ್ಕಿರಿದಿವೆ, ಆದರೆ ಮಹಾಮಸ್ತಿಷ್ಕದ ತೊಗಟೆಯನ್ನು ಅದರ ಬಿಳಿ ಭಾಗದೊಡನೆ ಲೆಕ್ಕ ಹಾಕಿದರೆ, ನರಕೋಶಗಳಿಗಿಂತ ಉಳಿದ ಕೋಶಗಳೇ ಮೂರು ಪಟ್ಟಿಗೂ ಹೆಚ್ಚು.